ಮಿಷನ್ನಿಗೂ ಒಂದು ಬೆಲ್ಟು

ಅಂಗಡಿಯಿಂದ,
ಮಾರ್ಚ್ ೬

ನನ್ನ ನರ್ಸಮ್ಮನಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಅಂದರೆ ನಿಮ್ಮಪ್ಪನಂಥವರು ಇರುವ ಮನೆಯಲ್ಲಿ ಮನುಷ್ಯರು ಎಷ್ಟು ಕ್ಷೇಮವಾಗಿರಬಹುದೋ ಅಷ್ಟು. ಅಲ್ಲಿ ನೀನು, ಅಳಿಯಂದಿರು, ನಮ್ಮ ಮೊಮ್ಮಗಳು ಮೆಣಸಿನಕಾಯಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ರಜೆ ಹತ್ತಿರ ಬಂತಲ್ಲ, ಪ್ರವಾಸದ ಬಸ್ಸಿನವರೆಲ್ಲ ಒಟ್ಟಿಗೇ ನಿದ್ದೆಯಿಂದೆದ್ದು, ಸೀಟು ಹರಿದಿದೆ, ಕವರ್ ಹೊಲಿದುಕೊಡಿ ಎಂದು ಅಂಗಡಿಯ ಮುಂದೆ ಕೂತಿದ್ದಾರೆ. ವರ್ಷವೆಲ್ಲ ಇವರ ಕಣ್ಣಿಗೆ ಆ ಹರಿದ ಸೀಟು ಕಾಣಿಸಿರಲಿಲ್ಲವಂತೆ.

"ಫೋನಲ್ಲೇ ಹೇಳಬಾರ್ದಾ ಅಮ್ಮ, ಈಗಿನ ಕಾಲದಲ್ಲಿ ಯಾರು ಕಾಗದ ಬರೀತಾರೆ" ಎಂದು ಕೇಳಿದ್ದೀಯ. ಹೇಗೆ ಹೇಳಲಿ? ನಿನ್ನ ಫೋನು ಬಂದ ಕೂಡಲೇ ನಿಮ್ಮಪ್ಪ ಸ್ಪೀಕರ್ ಹಾಕಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ನೀನು ನನ್ನನ್ನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ. ಅವರನ್ನು ನಾನು ಎದುರಿಗೆ ಬೈಯುವುದು ಇದ್ದೇ ಇದೆ. ಆದರೆ ಹಿಂದೆ ಬೈಯುವ ಸುಖವೇ ಬೇರೆ, ಅದನ್ನು ಕಾಗದದಲ್ಲಿ ಮಾತ್ರ ಪಡೆಯಲು ಸಾಧ್ಯ. ಇನ್ನು ವಿಡಿಯೋ ಕಾಲ್ ಅಂತೂ ಬೇಡವೇ ಬೇಡ. ನನ್ನ ಮುಖ ನೋಡಿ ನೀನೇನು ಮಾಡಬೇಕು? ಹೋದ ಸಲ ಬಂದಾಗ ನೋಡಿದ ಮುಖವೇ ಇದೆ, ಬದಲಾಯಿಸಿಲ್ಲ.

ತೂಕ ನೋಡಿಸಿಕೊಂಡೆಯಾ, ರಕ್ತ ಪರೀಕ್ಷೆ ಮಾಡಿಸಿದೆಯಾ ಎಂದು ಮತ್ತೆ ಕೇಳಿದ್ದೀಯ. ತೂಕ ಹಾಕಿಸಿಕೊಳ್ಳಲು ನಾನೇನು ಈರುಳ್ಳಿಯೇ? ನಿಮ್ಮ ಆಸ್ಪತ್ರೆಯವರಿಗೆ ನಡೆದಾಡುವವರನ್ನು ಕಂಡರೆ ಆಗುವುದಿಲ್ಲ, ಹಿಡಿದು ಮಲಗಿಸಿಬಿಡಬೇಕು. ಬಟ್ಟೆಗಳು ಸ್ವಲ್ಪ ಸಡಿಲವಾಗಿದ್ದವು, ಎಲ್ಲವನ್ನೂ ಒಳಗೆ ಹಿಡಿದು ಹೊಲಿದುಕೊಂಡೆ. ಈಗಿನ ಬಟ್ಟೆಯ ಹಣೆಬರಹವೇ ಅಷ್ಟು, ಒಗೆದ ಹಾಗೆಲ್ಲ ಹಿಗ್ಗುತ್ತದೆ. ಆ ಮಾತು ಬಿಡು.

ಈಗ ನಿನ್ನ ಷರತ್ತಿಗೆ ಬರುತ್ತೇನೆ. ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆಯನ್ನು ನಮ್ಮ ಹಳೇ ಕಾರಿಗೆ ಕೂರಿಸುವ ತನಕ ಮೊಮ್ಮಗಳು ಈ ಸಲದ ರಜೆಗೆ ಬರುವುದಿಲ್ಲ, ನೀನೂ ಬರುವುದಿಲ್ಲ ಎಂದು ಬರೆದಿದ್ದೀಯ. ಮುಂದಿನ ಎರಡೂ ಸೀಟಿಗೆ ಇರಬೇಕು, ಅಪ್ಪನಿಗೂ ಅಮ್ಮನಿಗೂ ಎಂದು ಬೇರೆ ಕೆಳಗೆ ಗೆರೆ ಎಳೆದಿದ್ದೀಯ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅಪಘಾತವಾಗಿ ಬಂದವರನ್ನು ದಿನಾ ಎತ್ತಿ ಮಲಗಿಸುವವಳು ನೀನು. ಆದರೆ ನನ್ನನ್ನು ಯಾಕೆ ಆ ಸಾಲಿಗೆ ಸೇರಿಸಿದೆ? ಹೋದ ರಜೆಯಲ್ಲಿ ನಿಮ್ಮಪ್ಪ ಮಾಡಿದ ನಾಟಕವನ್ನು ಮೆಣಸಿನಕಾಯಿ ಬಂದು ನಿನ್ನೆದುರು ಆಡಿ ತೋರಿಸಿದಳಂತಲ್ಲ. ದೂರದಲ್ಲಿ ಪೊಲೀಸ್ ಕಂಡರೆ ಸಾಕು, ಬೆಲ್ಟನ್ನು ಎಳೆದು ಎದೆಯ ಮೇಲೆ ಟವಲಿನ ಹಾಗೆ ಹೊದ್ದುಕೊಳ್ಳುವುದು, ಬಕಲಿಗೆ ಹಾಕದೇ ಕೈಯಲ್ಲಿ ಹಿಡಿದುಕೊಳ್ಳುವುದು, ಪೊಲೀಸ್ ದಾಟಿದ ಕೂಡಲೇ ಬಿಟ್ಟುಬಿಡುವುದು. ಅದನ್ನು ಹಾಕಿಕೊಳ್ಳುವುದಕ್ಕಿಂತ ಹಿಡಿದುಕೊಳ್ಳುವುದೇ ಹೆಚ್ಚು ಕಷ್ಟ ಎಂದು ಆ ಮಹಾನುಭಾವರ ತಲೆಗೆ ಇನ್ನೂ ಹೊಳೆದಿಲ್ಲ.

ನಿನ್ನ ಕಾಗದ ಓದಿ ಹೇಳಿದಾಗ ಡ್ರೈವರ್ ಸಾಹೇಬರು ಸಿಡಿದೆದ್ದರು. "ಇಡೀ ಜೀವಮಾನ ಬಸ್ ಓಡ್ಸಿದೀನಿ ಕಣೇ. ಒಬ್ಬ ಪ್ಯಾಸೆಂಜರ್‌ಗೆ ಮೂಗು ಕೂಡ ತರಚಿಲ್ಲ. ನನಗೆ ಒಂದು ಡಬ್ಬಿ ಪಾಠ ಹೇಳ್ಬೇಕಾ?" ಎಂದರು. ಹೇಳಬೇಕು, ಹೆಂಡತಿ ಹೇಳಿದರೆ ಕೇಳದವರಿಗೆ ಡಬ್ಬಿಯೇ ಹೇಳಬೇಕು ಎಂದೆ. ಮುಖ ಗಂಟು ಹಾಕಿಕೊಂಡು ಹೊರಗೆ ಹೋದರು. ಒಂದು ಗಂಟೆಯೂ ಆಗಿರಲಿಲ್ಲ, ಫ್ಯೂಸನ್ನು ಜೊತೆಗೆ ಕರೆದುಕೊಂಡೇ ಬಂದರು. ಮೊಮ್ಮಗಳು ಬರುವುದಿಲ್ಲ ಎಂಬ ಮಾತಿಗೆ ಆ ಶೌರ್ಯವೆಲ್ಲ ಎಲ್ಲಿ ಹೋಯಿತೋ.

ಫ್ಯೂಸ್ ಗೊತ್ತಲ್ಲ ನಿನಗೆ, ನಮ್ಮ ಸಾಲಿನ ಕೊನೆಯ ಅಂಗಡಿಯಲ್ಲಿ ಗಾಡಿಗಳ ವೈರಿಂಗ್ ಮಾಡುವವನು. ಅವನ ಹೆಸರೇನೆಂದು ಅವನ ಹೆಂಡತಿಗೂ ಮರೆತಿರಬೇಕು. ಹಾರ್ನ್ ಕೂಗದಿದ್ದರೂ ಅರ್ತಿಂಗ್ ಪ್ರಾಬ್ಲಮ್ಮು, ಕೂಗುವುದು ನಿಲ್ಲದಿದ್ದರೂ ಅರ್ತಿಂಗ್ ಪ್ರಾಬ್ಲಮ್ಮು. ಅವನಿಗೆ ಜ್ವರ ಬಂದರೂ ಅದನ್ನೇ ಹೇಳುತ್ತಾನೆ. ನಮ್ಮ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಈ ಗಾಡಿ ಹುಟ್ಟಿದಾಗ ಇವೆಲ್ಲ ಇರ್ಲಿಲ್ಲ ಅಕ್ಕ. ಆದ್ರೂ ನಾನು ಕೂರಿಸ್ತೀನಿ" ಎಂದು ಎದೆ ತಟ್ಟಿಕೊಂಡಿದ್ದಾನೆ. ಇಬ್ಬರು ಘನಂದಾರಿಗಳು ಒಟ್ಟಾಗಿದ್ದಾರೆ. ಇನ್ನು ಆ ಕಾರಿನ ಗತಿ ಏನಾಗುತ್ತದೋ ನೋಡೋಣ.

ಮೆಣಸಿನಕಾಯಿಗೆ ನನ್ನ ಮುತ್ತು. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ಇತಿ ನಿನ್ನ
ಅಮ್ಮ

*

ಅಂಗಡಿಯಿಂದ,
ಮಾರ್ಚ್ ೨೧

ಮಗಳೇ, ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ.

ಗಂಟೆ ಕೂರಿಸಿದ್ದಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದವನ್ನು ಕೊನೆಯಿಂದ ಓದುತ್ತೀಯ. ಆದರೆ ಸಂಭ್ರಮಪಡಬೇಡ, ನೆಟ್ಟಗೆ ಇನ್ನೂ ಆಗಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ.

ಮೊದಲ ದಿನ ಫ್ಯೂಸ್ ಗುಜರಿಯಿಂದ ಯಾವುದೋ ಹೊಸ ಕಾರಿನ ಬಕಲ್ ತಂದ. ನಮ್ಮ ಹಳೇ ಬಕಲಿನೊಳಗೆ ಸ್ವಿಚ್ ಇಲ್ಲವಂತೆ, ಬೆಲ್ಟ್ ಸಿಕ್ಕಿಸಿದ್ದು ಗಂಟೆಗೆ ಗೊತ್ತಾಗುವುದು ಆ ಸ್ವಿಚ್ಚಿನಿಂದಂತೆ. ಸರಿಯಪ್ಪ ಎಂದೆವು. ಅರ್ಧ ದಿನ ಕಾರಿನ ಕೆಳಗೆ ಮಲಗಿ, ಗೊಣಗಿ, ಕೈ ಕೊಯ್ದುಕೊಂಡು ಬಕಲ್ ಬಿಗಿದ. ನಿಮ್ಮಪ್ಪ ಜಂಭದಿಂದ ಹತ್ತಿ ಕೂತು ಬೆಲ್ಟ್ ಎಳೆದು ಸಿಕ್ಕಿಸಲು ಹೋದರೆ ಅದು ಒಳಗೇ ಹೋಗುವುದಿಲ್ಲ. ಬಕಲ್ ಒಂದು ಕಾರಿನದು, ಬೆಲ್ಟು ಇನ್ನೊಂದು ಕಾರಿನದು. ಬಿಗಿಯುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ಸಿಕ್ಕಿಸಿ ನೋಡಬಾರದೇ? ಇಬ್ಬರು ಬೆಪ್ಪುತಕ್ಕಡಿಗಳೂ ಮುಖ ಮುಖ ನೋಡಿಕೊಂಡರು. "ಅರ್ತಿಂಗ್..." ಎಂದು ಬಾಯಿ ತೆರೆದ ಫ್ಯೂಸ್. ಮುಚ್ಚು ಬಾಯಿ ಎಂದೆ. ಮಾರನೇ ದಿನ ಬೆಲ್ಟುಗಳನ್ನೂ ಅದೇ ಗುಜರಿಯಿಂದ ತಂದು ಹಾಕಿದ.

ಆಮೇಲೆ ನನ್ನ ಸೀಟು. ಡ್ರೈವರ್ ಇಲ್ಲದೆ ಕಾರು ಓಡುವುದಿಲ್ಲ, ಹಾಗಾಗಿ ಆ ಕಡೆ ಬಕಲಿನ ಸ್ವಿಚ್ ಒಂದೇ ಸಾಕು. ಪಕ್ಕದ ಸೀಟಿನಲ್ಲಿ ಮಾತ್ರ ಯಾರಾದರೂ ಕೂತಿದ್ದಾರೋ ಇಲ್ಲವೋ ಎಂದು ಗಂಟೆಗೆ ತಿಳಿಯಬೇಕಲ್ಲ, ಅದಕ್ಕೆ ಒಂದು ತೆಳು ಚಾಪೆ ಇದೆ. ಸ್ಪಂಜಿನ ಮೇಲೆ, ಕವರಿನ ಕೆಳಗೆ ಅದನ್ನು ಹಾಸಬೇಕು. ಭಾರ ಬಿದ್ದರೆ ಗಂಟೆಗೆ ಸುದ್ದಿ ಮುಟ್ಟಿಸುತ್ತದೆ. ಫ್ಯೂಸ್ ಏನು ಮಾಡಲು ಹೊರಟ ಗೊತ್ತೇ? ಬ್ಲೇಡು ತೆಗೆದುಕೊಂಡು ನನ್ನ ಕವರನ್ನು ಮಧ್ಯದಲ್ಲಿ ಸೀಳಲು ಹೋದ! ನಾನು ಕೈಯಾರೆ ಹೊಲಿದ ಕವರು, ಅಂಚಿಗೆ ಪೈಪಿಂಗ್ ಕೊಟ್ಟು ಹೊಲಿದದ್ದು. ಕೈ ಕತ್ತರಿಸ್ತೀನಿ ನೋಡು ಎಂದು ಕಿರುಚಿದೆ. ನಿಮ್ಮಪ್ಪ, "ಅಯ್ಯೋ, ಒಂದು ಸೀಟ್‌ಗೆ ಇಷ್ಟು ರಂಪ ಯಾಕೇ" ಎಂದರು. ಇವರ ಬಸ್ಸಿಗೆ ಯಾರಾದರೂ ಗೀರು ಹಾಕಿದಾಗ ರಸ್ತೆಯಲ್ಲಿ ಇಳಿದು ಕುಣಿಯುತ್ತಿದ್ದುದು ಮರೆತುಹೋಗಿದೆ. ಕೊನೆಗೆ ನಾನೇ ಕೊಕ್ಕೆ ಬಿಚ್ಚಿ, ಹೊಲಿಗೆ ಬಿಡಿಸಿ, ಚಾಪೆ ಹಾಸಿ, ಮತ್ತೆ ಹೊಲಿದೆ. ನೋಡಿದವರಿಗೆ ಬಿಚ್ಚಿದ್ದೇ ಗೊತ್ತಾಗಬಾರದು, ಹಾಗೆ.

ವೈರು ಸೇರಿಸಿದ ಮೇಲೆ ಮೊದಲ ಸವಾರಿ. ಆಹಾ, ಅದನ್ನು ನೀನು ನೋಡಬೇಕಿತ್ತು. ಇಬ್ಬರೂ ಬೆಲ್ಟ್ ಹಾಕಿಕೊಂಡಿದ್ದೇವೆ, ಗಂಟೆ ಸುಮ್ಮನಿದೆ. ಬ್ರೇಕ್ ಒತ್ತಿದ ತಕ್ಷಣ ಡಿಂಗ್ ಡಿಂಗ್ ಡಿಂಗ್. ಬ್ರೇಕ್ ಬಿಟ್ಟರೆ ಮೌನ. ಬ್ರೇಕಿನ ದೀಪದ ವೈರಿಗೆ ಗಂಟೆಯನ್ನು ಸೇರಿಸಿದ್ದಾನೆ ಪುಣ್ಯಾತ್ಮ! ಮಾರ್ಕೆಟ್ ರಸ್ತೆಯುದ್ದಕ್ಕೂ ಐಸ್‌ಕ್ರೀಮ್ ಗಾಡಿಯ ಹಾಗೆ ಗಂಟೆ ಬಾರಿಸಿಕೊಂಡು ಹೋದೆವು. ಮಕ್ಕಳು ಅಂಗಡಿಗಳಿಂದ ಹೊರಗೆ ಓಡಿಬಂದವು. ನಿಮ್ಮಪ್ಪ ತಲೆ ಎತ್ತಲಿಲ್ಲ. ನಾನು ಕಿಟಕಿಯ ಗಾಜು ಇಳಿಸಿ, ಇವತ್ತು ಐಸ್‌ಕ್ರೀಮ್ ಖಾಲಿ ಕಣ್ರೋ ಎಂದು ಕೂಗಿ ಹೇಳಿದೆ.

ಅದನ್ನು ಸರಿಮಾಡಿದ. ಮುಂದಿನ ರಗಳೆ ನನ್ನ ಮಿಷನ್ನಿನದು. ನಿನಗೆ ಗೊತ್ತೇ ಇದೆ, ಬಸ್ಸಿನವರ ಶೆಡ್ಡಿಗೆ ಹೋಗಿ ಹೊಲಿಯುವಾಗ ಹಿಂದಿನ ಸೀಟಿನ ತುಂಬ ರೆಕ್ಸಿನ್ ಸುರುಳಿಗಳಿರುತ್ತವೆ. ಆ ಕಬ್ಬಿಣದ ಮಿಷನ್ನನ್ನು ಸ್ಟ್ಯಾಂಡಿನಿಂದ ಬಿಚ್ಚಿ ಮುಂದಿನ ಸೀಟಿನ ಮೇಲೆ ಕೂರಿಸಿ, ನಾನು ಹಿಂದೆ ಸುರುಳಿಗಳ ಮಧ್ಯೆ ತೂರಿಕೊಳ್ಳುತ್ತೇನೆ. ಅವತ್ತು ಮಿಷನ್ ಇಟ್ಟ ಕೂಡಲೇ ಗಂಟೆ ಶುರುವಾಯಿತು. ಮಿಷನ್ನಿಗೂ ಬೆಲ್ಟ್ ಹಾಕಬೇಕಂತೆ! ಶೆಡ್ಡಿನವರೆಗೂ ಡಿಂಗ್ ಡಿಂಗ್ ಕೇಳಿ ನನ್ನ ತಲೆ ಸಿಡಿದುಹೋಯಿತು. ವಾಪಸ್ ಬಂದವಳೇ ಫ್ಯೂಸನ್ನು ಕರೆಸಿ ಹೇಳಿದೆ, ಇನ್ನೊಂದು ಸಲ ನನ್ನ ಮಿಷನ್ನಿಗೆ ಕೂಗಿದರೆ ಡಬ್ಬಿಯನ್ನು ಕಿತ್ತು ನಿನ್ನ ತಲೆಗೇ ಹೊಡೆಯುತ್ತೇನೆ ಎಂದು.

ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇದೆ. ಎಷ್ಟು ಭಾರಕ್ಕೆ ಕೂಗಬೇಕು ಎನ್ನುವುದನ್ನು ಅದು ಹೇಳುತ್ತದಂತೆ. ಮಿಷನ್ನನ್ನು ಸೀಟಿನ ಮೇಲಿಟ್ಟುಕೊಂಡೇ ಅದು ಬಾಯಿ ಮುಚ್ಚುವ ತನಕ ತಿರುಪು ತಿರುಗಿಸಿದ. "ಈಗ ಮಿಷನ್‌ಗೆ ಕೂಗಲ್ಲ ಅಕ್ಕ, ಮನುಷ್ಯರಿಗೆ ಮಾತ್ರ ಕೂಗುತ್ತೆ" ಎಂದ. ಮತ್ತೆ ಯಾರಾದರೂ ಕೈಯಾಡಿಸಿಯಾರು ಎಂದು ನಾನು ಹೊಲಿಗೆಯ ಬಿಳಿ ಸೀಮೆಸುಣ್ಣದಿಂದ ತಿರುಪಿನ ಮೇಲೂ ಡಬ್ಬಿಯ ಮೇಲೂ ಸೇರುವ ಹಾಗೆ ಒಂದು ಗೆರೆ ಎಳೆದಿಟ್ಟೆ. ಮಿಷನ್ ಇಳಿಸುವಾಗ ಪಂಕ್ಚರ್ ಅಂಗಡಿಯವನನ್ನು ಕರೆಯಬೇಕಾಯಿತು, ಈಚೆಗೆ ನನಗೂ ಸೋಮಾರಿತನ ಹತ್ತಿಕೊಂಡಿದೆ.

ಈಗ ಮುಖ್ಯ ವಿಷಯ ಕೇಳು. ಮರುದಿನ ರೆಕ್ಸಿನ್ ತರಲು ಹೊರಟೆವು. ನಿಮ್ಮಪ್ಪ ಬೆಲ್ಟ್ ಹಾಕಿಕೊಂಡರು, ಬಕಲಿಗೇ ಹಾಕಿಕೊಂಡರು, ಕಣ್ಣಾರೆ ಕಂಡೆ. ನಾನು ಬೇಕೆಂದೇ ಹಾಕಿಕೊಳ್ಳಲಿಲ್ಲ. ನೋಡೇಬಿಡೋಣ, ಈ ಡಬ್ಬಿ ನನಗೆ ಏನು ಹೇಳುತ್ತದೆ ಎಂದು ಕೈಕಟ್ಟಿ ಕೂತೆ. ಕಾರು ಹೊರಟಿತು, ಗಲ್ಲಿ ದಾಟಿತು, ದೊಡ್ಡ ರಸ್ತೆಗೆ ಬಂತು. ಡಬ್ಬಿ ಉಸಿರೆತ್ತಲಿಲ್ಲ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೋಡ್ರೀ, ನಿಮ್ಮನ್ನ ಹೆದರಿಸುತ್ತೆ, ನನಗೆ ಹೆದರುತ್ತೆ ಎಂದೆ.

ನಿಮ್ಮಪ್ಪ ನಗಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, "ಸರಿಯಾಗಿ ಒರಗಿ ಕೂತ್ಕೋ" ಎಂದರು. ಒರಗಿದೆ. ಸದ್ದಿಲ್ಲ. "ಇಳಿ" ಎಂದರು. ಇಳಿದೆ. ಅವರು ತಮ್ಮ ಬೆಲ್ಟನ್ನು ಖಾಲಿ ಸೀಟಿನ ಮೇಲೇ ಬಕಲಿಗೆ ಸಿಕ್ಕಿಸಿಟ್ಟು ಬಂದು ನನ್ನ ಜಾಗದಲ್ಲಿ ಕೂತರು, ಕೂಗಿತು. "ಈಗ ನೀನು ಕೂತ್ಕೋ." ಕೂತೆ, ಸುಮ್ಮನಾಯಿತು. ಮತ್ತೆ ಇಳಿ, ಮತ್ತೆ ಹತ್ತು. ದಾರಿಹೋಕರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಉರಿದುಹೋಯಿತು. ಏನ್ರೀ, ನಾನೇನು ನಿಮ್ಮ ಬಸ್ಸಿನ ಫುಟ್‌ಬೋರ್ಡ್ ಪ್ಯಾಸೆಂಜರಾ, ಹತ್ತೋದು ಇಳಿಯೋದು ಅಂದೆ. ರೆಕ್ಸಿನ್ನೂ ಬೇಡ ಏನೂ ಬೇಡ ಎಂದು ಕಾರು ತಿರುಗಿಸಿ ಸೀದಾ ಫ್ಯೂಸಿನ ಅಂಗಡಿಗೆ ತಂದು ನಿಲ್ಲಿಸಿದರು.

ಅಲ್ಲಿ ಮತ್ತೆ ಪರೀಕ್ಷೆ. ಫ್ಯೂಸ್ ಕೂತ, ಕೂಗಿತು. ಪಂಕ್ಚರ್ ಅಂಗಡಿಯವನನ್ನು ಕೂರಿಸಿದರು. ಊದಿದರೆ ಹಾರಿಹೋಗುವ ಕಡ್ಡಿ ಅವನು, ಅವನಿಗೂ ಕೂಗಿತು. ನಾನು ಕೂತರೆ ಮಾತ್ರ ಮೌನವ್ರತ. ಫ್ಯೂಸ್ ನೆಲ ನೋಡುತ್ತ, "ಅರ್ತಿಂಗ್ ಪ್ರಾಬ್ಲಮ್ಮು ಇರ್ಬೇಕು" ಎಂದ. ನಿಮ್ಮಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಅಂಗಡಿಯೊಳಗೆ ಕರೆದುಕೊಂಡು ಹೋದರು. ಇಬ್ಬರೂ ಏನೋ ಗುಸುಗುಸು ಮಾಡಿದರು. ಗಂಡಸರು ಕೆಲಸ ಕೆಡಿಸಿದ ಮೇಲೆ ಮಾಡುವ ಗುಸುಗುಸು ಎಂಥದ್ದೆಂದು ನನಗೆ ಗೊತ್ತಿಲ್ಲವೇ?

ಅವತ್ತು ನಿಮ್ಮಪ್ಪ ಊಟ ಮಾಡಲಿಲ್ಲ. ಡಬ್ಬಿ ಕೆಟ್ಟಿತೆಂದು ಉಪವಾಸ ಮಲಗುವ ಗಂಡಸನ್ನು ನೀನೆಲ್ಲಾದರೂ ಕಂಡಿದ್ದೀಯಾ? ಅದರ ಮಾರನೇ ದಿನದಿಂದ ಹೊಸ ಹುಚ್ಚು ಶುರುವಾಗಿದೆ. ಬೆಳಿಗ್ಗೆ ಎದ್ದು ತಾವೇ ಹಾಲು ಕಾಯಿಸಿ ಲೋಟ ತಂದು ಹಿಡಿಯುತ್ತಾರೆ. ಮೊಟ್ಟೆ ಬೇಯಿಸುತ್ತಾರೆ, ಅದೂ ಕಲ್ಲಿನ ಹಾಗೆ. "ತಿನ್ನೇ, ಇನ್ನೊಂದು ತಿನ್ನು" ಎಂದು ತಲೆ ತಿನ್ನುತ್ತಾರೆ. ಮದುವೆಯಾದಾಗಿನಿಂದ ಒಂದು ಲೋಟ ನೀರು ಬಗ್ಗಿಸಿಕೊಡದವರು! ಇದೆಲ್ಲದರ ಲಾಭ ಅಂಗಡಿಯ ಹಿಂದಿನ ನಾಯಿಗೆ. ಗುಂಡು ಗುಂಡಾಗಿ ಓಡಾಡುತ್ತಿದೆ.

ಗಂಟೆ ಸರಿಯಾದ ಕೂಡಲೇ ಬರೆಯುತ್ತೇನೆ. ರಜಾ ಚೀಟಿ ಮಾತ್ರ ಈಗಲೇ ಕೊಟ್ಟಿಟ್ಟಿರು.

ಇತಿ ನಿನ್ನ
ಅಮ್ಮ

*

ಅಂಗಡಿಯಿಂದ,
ಏಪ್ರಿಲ್ ೪

ನನ್ನ ಮಗಳಿಗೆ, ಮೆಣಸಿನಕಾಯಿಗೆ, ಅಳಿಯಂದಿರಿಗೆ ಅಮ್ಮನ ಆಶೀರ್ವಾದಗಳು.

ಕಾಗದ ತಡವಾಯಿತು, ಕ್ಷಮಿಸು. ಬರೆಯಲು ಕೂತು ಎರಡು ಹಾಳೆ ಹರಿದು ಹಾಕಿದೆ. ಅಕ್ಷರ ಚೆನ್ನಾಗಿ ಬರಲಿಲ್ಲ, ಅಷ್ಟೇ.

ನಿನ್ನ ಷರತ್ತು ಪೂರೈಸಿದೆ. ಗಂಟೆ ಈಗ ಡ್ರೈವರ್ ಸಾಹೇಬರಿಗೂ ಕೂಗುತ್ತದೆ, ನನಗೂ ಕೂಗುತ್ತದೆ. ಹೋದ ಭಾನುವಾರ ನಿಮ್ಮಪ್ಪ ಒಬ್ಬರೇ ಕಾರನ್ನು ಫ್ಯೂಸಿನ ಹತ್ತಿರ ಕೊಂಡುಹೋದರು. ನಾನೂ ಬರುತ್ತೇನೆಂದರೆ, "ನೀನು ಬಂದ್ರೆ ಅವನ ಕೈ ನಡುಗುತ್ತೆ, ಬೇಡ" ಎಂದರು. ಮಧ್ಯಾಹ್ನ ವಾಪಸ್ ಬಂದರು. ಆ ಮುಖದ ಕಾಂತಿ ನೋಡಬೇಕಿತ್ತು ನೀನು, ನೀನು ನರ್ಸಿಂಗ್ ಪಾಸಾದ ದಿನವೂ ಹಾಗಿರಲಿಲ್ಲ. "ಬಾ, ಕೂತ್ಕೋ ಬಾ" ಎಂದು ಕೈಹಿಡಿದು ಕೂರಿಸಿ, ತಾವು ಬೆಲ್ಟ್ ಹಾಕಿಕೊಂಡರು. ಕಾರು ಚಾಲೂ ಮಾಡಿದರು. ಡಿಂಗ್ ಡಿಂಗ್ ಡಿಂಗ್.

"ಕೇಳಿಸ್ತಾ? ಕೇಳಿಸ್ತೇನೇ? ನಿನಗೇ ಕೂಗ್ತಾ ಇರೋದು!" ಎಂದರು. ಕಣ್ಣಲ್ಲಿ ನೀರು ಬೇರೆ. ಅಯ್ಯೋ ನನ್ನ ಕರ್ಮವೇ, ಒಂದು ಡಬ್ಬಿ ಹೆಂಡತಿಯನ್ನು ಗದರಿಸಿತೆಂದು ಇಷ್ಟು ಹಿಗ್ಗುವ ಗಂಡ! ಏನಾಗಿತ್ತು ಅಂತೆ ಎಂದು ಕೇಳಿದೆ. "ಅರ್ತಿಂಗು" ಎಂದರು. ಆ ದರಿದ್ರ ಮಾತು ಇವರಿಗೂ ಅಂಟಿಕೊಂಡಿದೆ. ನಾನು ಬೆಲ್ಟ್ ಹಾಕಿಕೊಂಡೆ. ಅದು ಸುಮ್ಮನಾಯಿತು. ಆದರೂ ನಿಮ್ಮಪ್ಪನ ಹಿಗ್ಗು ಇಳಿಯಲಿಲ್ಲ. ಬಿಚ್ಚು ಅಂದರು, ಕೂಗಿಸಿದರು, ಹಾಕು ಅಂದರು, ನಿಲ್ಲಿಸಿದರು. ಮೆಣಸಿನಕಾಯಿಗೆ ಹೊಸ ಗೊಂಬೆ ಕೊಟ್ಟರೂ ಅವಳು ಹೀಗೆ ಆಡುವುದಿಲ್ಲ.

ಆಮೇಲೆ ನಿನ್ನೆಯ ಕಥೆ. ಬಸ್ಸಿನವರ ಶೆಡ್ಡಿಗೆ ಹೊರಟಿದ್ದೆವು. ಹಿಂದೆ ಸುರುಳಿಗಳನ್ನು ತುಂಬಿದೆ. ನಿಮ್ಮಪ್ಪ ಮತ್ತು ಪಂಕ್ಚರ್ ಅಂಗಡಿಯವನು ಮಿಷನ್ನನ್ನು ಎತ್ತಿ ತಂದು ಮುಂದಿನ ಸೀಟಿನ ಮೇಲೆ ಕೂರಿಸಿದರು. ನಾನು ಹಿಂದೆ ತೂರಿಕೊಂಡೆ. ನಿಮ್ಮಪ್ಪ ಬೆಲ್ಟ್ ಹಾಕಿಕೊಂಡು ಕಾರು ಚಾಲೂ ಮಾಡಿದರು, ಡಿಂಗ್ ಡಿಂಗ್ ಡಿಂಗ್.

ನಿಮ್ಮಪ್ಪ ಸ್ಟೀರಿಂಗ್ ಹಿಡಿದುಕೊಂಡು ಮುಂದೆಯೇ ನೋಡುತ್ತಿದ್ದರು. ಅವರು ಕನ್ನಡಿಯಲ್ಲಿ ನನ್ನನ್ನು ನೋಡುವ ಮೊದಲೇ ನಾನು ಶುರುಹಚ್ಚಿಕೊಂಡೆ. ನೋಡಿದ್ರಾ ನಿಮ್ಮ ಫ್ಯೂಸಿನ ಕೈಗುಣ, ಒಂದು ಸರಿಮಾಡಿದ್ರೆ ಇನ್ನೊಂದು ಕೆಡಿಸ್ತಾನೆ, ಅವನಿಗೆ ಕೆಲಸ ಕೊಟ್ಟ ನಿಮಗೆ ಬುದ್ಧಿ ಇಲ್ಲ, ಇಬ್ಬರೂ ಸೇರಿ ನನ್ನ ಕಾರನ್ನ ಹಾಳು ಮಾಡಿದ್ರಿ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವರು, "ಹೌದು ಕಣೇ, ಅವನ ಕೆಲಸವೇ ಅಷ್ಟು" ಎಂದರು. ಕೆಳಗಿಳಿದು ಸುತ್ತಿ ಬಂದು, ಬೆಲ್ಟನ್ನು ಎಳೆದು ಮಿಷನ್ನಿನ ಸುತ್ತ ತಂದು ಬಕಲಿಗೆ ಹಾಕಿದರು. ಮಿಷನ್ನಿನ ಬೆನ್ನು ಒಮ್ಮೆ ಸವರಿ ಬಂದು ಕೂತು ತಮ್ಮ ಬೆಲ್ಟನ್ನೂ ಹಾಕಿಕೊಂಡರು, ಗಂಟೆ ನಿಂತಿತು.

ಹಾಗೇ ಮಾರ್ಕೆಟ್ ರಸ್ತೆಯಲ್ಲಿ ಹೋದೆವು, ಮಿಷನ್ನು ಬೆಲ್ಟ್ ಹಾಕಿಕೊಂಡು ಅತ್ತೆಯಮ್ಮನ ಹಾಗೆ ಮುಂದೆ ಕೂತು, ನಾನು ಹಿಂದೆ ರೆಕ್ಸಿನ್ನಿನ ಸಂದಿಯಲ್ಲಿ. ಜನ ನಕ್ಕರು. ನಿಮ್ಮಪ್ಪನಿಗೆ ಈಗ ಅದರ ಪರಿವೆಯೇ ಇಲ್ಲ. ತಮ್ಮ ಎದೆಗೆ ಬೆಲ್ಟ್ ಹಾಕಲು ಒಪ್ಪದ ಮನುಷ್ಯ ಕಬ್ಬಿಣಕ್ಕೆ ಬೆಲ್ಟ್ ಹಾಕುವಷ್ಟು ಮುಂದುವರಿದಿದ್ದಾರೆ. ಗಾಡಿ ಓಡಿಸಿ ಓಡಿಸಿ ತಲೆಯ ನಟ್ಟು ಸಡಿಲವಾಗಿದೆ. ಇಂಥವರ ಜೊತೆ ನಾನು ಇಷ್ಟು ವರ್ಷ ಹೇಗೆ ಬಾಳಿದೆನೋ ನನಗೇ ಆಶ್ಚರ್ಯ.

ಇರಲಿ. ಗಂಟೆ ಇದೆ, ಎರಡೂ ಸೀಟಿಗೆ ಇದೆ, ಕೂಗುತ್ತದೆ. ಇನ್ನು ನೀನು ಯಾವ ನೆಪವನ್ನೂ ಹೇಳುವ ಹಾಗಿಲ್ಲ. ಮೆಣಸಿನಕಾಯಿಗೆ ಹೇಳು, ತಾತ ಬೆಲ್ಟನ್ನು ಟವಲ್ ಮಾಡಿಕೊಳ್ಳುವುದನ್ನು ಬಿಟ್ಟಿದ್ದಾರೆ, ಅವಳು ಬಂದು ಪರೀಕ್ಷೆ ಮಾಡಬಹುದು. ಅವಳ ಓದು ಚೆನ್ನಾಗಿ ಸಾಗಲಿ. ನಿನ್ನ ಕೈಯಲ್ಲಿ ಮಲಗಿದವರೆಲ್ಲ ಎದ್ದು ನಡೆಯುವಂತಾಗಲಿ. ಅಳಿಯಂದಿರ ಸೊಂಟನೋವು ವಾಸಿಯಾಗಲಿ. ಎಲ್ಲರೂ ನಗುನಗುತ್ತ ಬನ್ನಿ.

ಇತಿ ನಿನ್ನ
ಅಮ್ಮ

ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಈ ಕೆಳಗಿನದನ್ನು ನೀನೊಬ್ಬಳೇ ಓದು.

ನಿನ್ನೆ ಶೆಡ್ಡಿನಲ್ಲಿ ನಿಮ್ಮಪ್ಪ ಟೀ ಕುಡಿಯಲು ಹೋದಾಗ ನಾನು ಆ ಡಬ್ಬಿಯನ್ನು ಬಗ್ಗಿ ನೋಡಿದೆ. ನಾನು ಎಳೆದಿದ್ದ ಬಿಳಿ ಗೆರೆ ಎರಡು ತುಂಡಾಗಿದೆ. ಡಬ್ಬಿಯ ಮೇಲಿನದು ಇದ್ದಲ್ಲೇ ಇದೆ, ತಿರುಪಿನ ಮೇಲಿನದು ಪಕ್ಕಕ್ಕೆ ತಿರುಗಿದೆ. ಅರ್ತಿಂಗೂ ಇಲ್ಲ, ಮಣ್ಣೂ ಇಲ್ಲ. ನನಗೆ ಕೂಗಲಿ ಎಂದು ತಿರುಪನ್ನು ಇಳಿಸಿದ್ದಾರೆ. ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಇಳಿಸಿದರೆ ಮಿಷನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು ಅವರು ಯೋಚಿಸಿರಲಿಲ್ಲ, ಪಾಪ.

ಗಂಟೆ ನನಗೆ ಹೆದರಿತು ಎಂದು ನಿನಗೆ ಬರೆದು ನಕ್ಕಿದ್ದೆನಲ್ಲ. ಅದು ಹೆದರಿರಲಿಲ್ಲ ಮಗಳೇ. ಸೀಟಿನ ಮೇಲೆ ಮನುಷ್ಯರು ಯಾರೂ ಇಲ್ಲ ಎಂದುಕೊಂಡಿತ್ತು. ಕಾಲಿನ ಭಾರ ನೆಲದ ಮೇಲಿರುತ್ತದಲ್ಲ, ಅದಕ್ಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆದರೆ ಆ ಪಂಕ್ಚರ್ ಅಂಗಡಿಯ ಕಡ್ಡಿಯ ಕಾಲೂ ನೆಲದ ಮೇಲೇ ಇತ್ತು. ನಾನೊಬ್ಬಳೇ ಸೊಂಟಕ್ಕೆ ಒತ್ತಿಕೊಂಡು ಎತ್ತಿಡುತ್ತಿದ್ದ ಮಿಷನ್ನು ಅದು. ಈಗ ಅದಕ್ಕಿಂತ ನಾನು ಹಗುರ. ಊಟ ಗಂಟಲಲ್ಲಿ ಇಳಿಯುತ್ತಿಲ್ಲ, ಬಹಳ ದಿನದಿಂದ. ನಾಯಿ ಯಾಕೆ ದಪ್ಪವಾಗಿದೆ ಎಂದು ನಿನಗೆ ಈಗ ಗೊತ್ತಾಗಿರಬೇಕು. ನನಗೆ ಭಯವಾಗುತ್ತಿದೆ.

ಬೇಗ ಬಾ. ನನ್ನನ್ನು ನೋಡಿದ ತಕ್ಷಣ ಮುಖ ಬದಲಾಯಿಸಬೇಡ, ನಿಮ್ಮಪ್ಪ ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ. ಆಸ್ಪತ್ರೆಯ ಕುರ್ಚಿಗಳಿಗೆಲ್ಲ ಕವರ್ ಹೊಲಿಸ್ಬೇಕಂತೆ, ಅಳತೆ ತೆಗೆಯೋಕೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ ಎಂದು ಅವರಿಗೆ ಹೇಳು. ಬರುತ್ತೇನೆ. ತೂಕ, ರಕ್ತ, ಏನು ಬೇಕಾದರೂ ನೋಡಿಕೋ, ಸುಮ್ಮನೆ ಮಲಗುತ್ತೇನೆ.

ನನಗೆ ಏನೂ ಗೊತ್ತಿಲ್ಲ ಎಂದುಕೊಂಡು ಅವರು ದಿನಾ ಮೊಟ್ಟೆ ಬೇಯಿಸುತ್ತಿದ್ದಾರೆ. ನೀನು ಬರುವ ತನಕ ನಾನು ಅವರನ್ನು ಬೈಯುತ್ತಲೇ ಇರುತ್ತೇನೆ. ಬೈಯುವುದನ್ನು ನಿಲ್ಲಿಸಿದರೆ ಅವರಿಗೆ ಗೊತ್ತಾಗಿಬಿಡುತ್ತದೆ.